ಲೋಕಣ್ಣನ ಹನ್ನೆರಡು ಹಾಳು ಮೂಲೆಗಳು

ಮಂಜಕಟ್ಟೆಯ ಲೋಕನಾಥ ಶೆಟ್ಟರಿಗೆ ತಾನೊಬ್ಬ ಕಲಾವಿದನೆಂದು ಗೊತ್ತಾದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಅದಕ್ಕೆ ಮೊದಲು ಇಪ್ಪತ್ತಾರು ವರ್ಷ ಅವರು ಶಾರ್ಜಾದ ಒಂದು ಗೋದಾಮಿನಲ್ಲಿ ಲಾರಿಯ ಬಿಡಿಭಾಗಗಳನ್ನು ಕಾದರು. ಅಲ್ಲಿ ಕಲೆಗೆ ಅವಕಾಶವಿರಲಿಲ್ಲ. ಬ್ರೇಕ್ ಶೂ ಎಷ್ಟೇ ಚಂದವಿದ್ದರೂ ಅದು ಬ್ರೇಕ್ ಶೂವೇ.

ಊರಿಗೆ ಮರಳಿದ ಮೇಲೆ ಆರು ತಿಂಗಳು ಅವರು ಹೆಂಡತಿ ಪಂಕಜಾಕ್ಷಿಯ ಟೈಲರಿಂಗ್ ಅಂಗಡಿಯಲ್ಲಿ ಕುಳಿತು, ರವಿಕೆಯ ಅಳತೆಗಳ ಬಗ್ಗೆ ಸಲಹೆ ಕೊಡುತ್ತಿದ್ದರು. ಗಿರಾಕಿಗಳು ಒಬ್ಬೊಬ್ಬರಾಗಿ ಕುಂಬಳೆಯ ಬಸ್ಸು ಹತ್ತಿ ಅಲ್ಲಿನ ಟೈಲರುಗಳನ್ನು ಹುಡುಕತೊಡಗಿದಾಗ ಪಂಕಜಾಕ್ಷಿ ಹೇಳಿದಳು: "ನೀವು ಎಂತಾದರೂ ಒಂದು ಕೈಯಲ್ಲಿ ಹಿಡ್ಕೊಳ್ಳಿ ಮಾರಾಯ್ರೇ. ಟೇಪು ಬಿಟ್ಟು."

ಲೋಕಣ್ಣ ಕ್ಯಾಮರಾ ಹಿಡಿದರು. ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಯತಿನ್ ತನ್ನ ಹಳೆಯದನ್ನು ಕೊಟ್ಟ. ಅದಕ್ಕೆ ಸೋರೆಕಾಯಿ ಗಾತ್ರದ ಲೆನ್ಸ್ ಇತ್ತು. ಮೊದಲ ಪ್ರಯೋಗ ಹೆಂಡತಿಯ ಕಡೆಯ ಒಂದು ಮದುವೆಯಲ್ಲಿ ಆಯಿತು. ಅರುವತ್ತು ಫೋಟೋಗಳಲ್ಲಿ ಹದಿನಾಲ್ಕರಲ್ಲಿ ಮಾತ್ರ ಮದುಮಗನಿಗೆ ತಲೆ ಇತ್ತು. ಪಂಕಜಾಕ್ಷಿಯ ತಮ್ಮ ಜನಾರ್ದನ ಅವನ್ನೆಲ್ಲ ನಿಧಾನಕ್ಕೆ ನೋಡಿ, "ಭಾವ, ಇದನ್ನು ಪೊಲೀಸಿಗೆ ಕೊಟ್ಟರೆ ಕೊಲೆ ಕೇಸು ಆಗ್ತದೆ" ಎಂದ.

ಜನಾರ್ದನ ಮಂಜಕಟ್ಟೆ ಪೇಟೆಯ ವಾರ್ಡ್ ಮೆಂಬರು. ಚುನಾವಣೆ ಹತ್ತಿರವಿದ್ದ ಕಾರಣ ಅವನು ಎಲ್ಲರ ಹತ್ತಿರವೂ ನಗುತ್ತ ಮಾತಾಡುತ್ತಿದ್ದ. ಭಾವನ ಹತ್ತಿರ ಮಾತ್ರ ಸತ್ಯ ಮಾತಾಡುತ್ತಿದ್ದ. ಲೋಕಣ್ಣ ಈ ಅವಮಾನದ ಬಗ್ಗೆ ಎರಡು ದಿನ ಯೋಚಿಸಿ ಒಂದು ತೀರ್ಮಾನಕ್ಕೆ ಬಂದರು. ತಪ್ಪು ಕ್ಯಾಮರಾದ್ದಲ್ಲ, ತನ್ನದಂತೂ ಅಲ್ಲವೇ ಅಲ್ಲ. ತಪ್ಪು ಮನುಷ್ಯರದ್ದು. ಅವರು ಅಲುಗಾಡುತ್ತಾರೆ.

ಹಾಗಾಗಿ ಅಲುಗಾಡದ ವಸ್ತುಗಳನ್ನು ಅವರು ಹುಡುಕುತ್ತಿದ್ದಾಗಲೇ ಗ್ರಂಥಾಲಯದ ಕಾರ್ಯದರ್ಶಿ ಮುದ್ದಣ್ಣ ಮಾಸ್ಟ್ರು ದಾರಿಯಲ್ಲಿ ಸಿಕ್ಕಿದರು. ನಿವೃತ್ತ ಕನ್ನಡ ಅಧ್ಯಾಪಕರು. ಗ್ರಂಥಾಲಯಕ್ಕೆ ಐವತ್ತು ತುಂಬಿತ್ತು, ಒಂದು ಪ್ರದರ್ಶನ ಮಾಡಬೇಕಿತ್ತು.

"ಮಂಗಳೂರಲ್ಲಿ ಒಂದು ನೋಡಿದೆ ಲೋಕನಾಥರೇ," ಎಂದರು ಮಾಸ್ಟ್ರು. "ಪೇಟೆಯ ಹಾಳು ಮೂಲೆಗಳದ್ದೇ ಫೋಟೋ. ಪಾಚಿ ಹಿಡಿದ ಗೋಡೆ, ಮುರಿದ ಮೆಟ್ಟಿಲು, ಯಾರೂ ತಿರುಗಿ ನೋಡದ ಚರಂಡಿ. ಜನ ಕೈ ಕಟ್ಟಿ ನಿಂತು ನೋಡ್ತಾರೆ! 'ನಾವು ನೋಡದ ನಮ್ಮ ಪೇಟೆ' ಅಂತ ನಾವೂ ಒಂದು ಮಾಡುವ. ಹನ್ನೆರಡು ಫೋಟೋ ಸಾಕು."

"ಹನ್ನೆರಡೇ ಯಾಕೆ?"

"ಫ್ರೇಮು ಅಷ್ಟೇ ಇರುವುದು. ಮೊದಲು ಅದರೊಳಗೆ ಕವಿಗಳು ಇದ್ದರು. ಗೆದ್ದಲು ತಿಂದಿತು."

ಗೋಡೆಗಳು ಅಲುಗಾಡುವುದಿಲ್ಲ, ಚರಂಡಿಗೆ ತಲೆ ಇಲ್ಲ. ಇದು ತನಗಾಗಿಯೇ ಹುಟ್ಟಿದ ಕಲೆ ಎಂದು ಲೋಕಣ್ಣನಿಗೆ ಅಲ್ಲಿಯೇ, ರಸ್ತೆಯ ಬದಿಯಲ್ಲೇ, ಮನವರಿಕೆಯಾಯಿತು. ಉದ್ಘಾಟನೆ ಮುಂದಿನದ್ದರ ಮುಂದಿನ ಭಾನುವಾರ. ಅವರು ಆ ಸಂಜೆಯೇ ಹದಿನೇಳು ಮಂದಿ ಸಂಬಂಧಿಕರಿಗೆ ಫೋನು ಮಾಡಿ ಆಮಂತ್ರಿಸಿದರು. ಫೋಟೋ ಇನ್ನೂ ಒಂದೂ ತೆಗೆದಿರಲಿಲ್ಲ.

ಮರುದಿನ, ಶಾರ್ಜಾದಿಂದ ತಂದಿದ್ದ ಹನ್ನೊಂದು ಕಿಸೆಗಳ ಖಾಕಿ ಕೋಟು ಹಾಕಿಕೊಂಡು ಹೊರಟರು. ಮೊದಲು ಹೋದದ್ದು ಬೋಜಣ್ಣನ ಹೋಟೆಲಿನ ಹಿಂಬದಿಗೆ. ಎದುರಿನಿಂದ ಆ ಹೋಟೆಲು ಗೋಳಿಬಜೆಗೆ ಪ್ರಸಿದ್ಧ. ಹಿಂಬದಿಗೆ ಹೋದವರು ಗೋಳಿಬಜೆ ತಿನ್ನುವುದಿಲ್ಲ. ಅಲ್ಲೊಂದು ಚರಂಡಿ, ಅದರಲ್ಲಿ ಬಾಳೆಲೆ, ಮೊಟ್ಟೆಯ ಸಿಪ್ಪೆ, ಮತ್ತು ಬಿಸಿಲಿಗೆ ನವಿಲಿನ ಕುತ್ತಿಗೆಯಂತೆ ಹೊಳೆಯುವ ನೀರು. ಲೋಕಣ್ಣ ಕುಕ್ಕರುಗಾಲಲ್ಲಿ ಕುಳಿತು, "ಆಹಾ!" ಎಂದರು.

ಆ ಕ್ಷಣಕ್ಕೆ ಸರಿಯಾಗಿ ಬೋಜಣ್ಣ ಹಿಂಬಾಗಿಲಿನಿಂದ ಬಕೆಟು ಹಿಡಿದು ಬಂದ.

"ಎಂತ ಲೋಕಣ್ಣ, ಇಲ್ಲಿ ಕೂತದ್ದು?"

"ಸ್ವಲ್ಪ ಬದಿಗೆ ನಿಲ್ಲಿ ಬೋಜಣ್ಣ. ನೀವು ಬೇಡ. ನನಗೆ ಬೇಕಾದ್ದು ನಿಮ್ಮ ಚರಂಡಿ."

"ಚರಂಡಿ ಎಂತಕ್ಕೆ?"

"ಮೇಲೆ ಹಾಕ್ಲಿಕ್ಕೆ ಉಂಟು." ಗೋಡೆಯ ಮೇಲೆ ಎಂಬುದು ಲೋಕಣ್ಣನ ಅರ್ಥ. "ಒಟ್ಟು ಹನ್ನೆರಡು ಕೊಡಬೇಕು. ನಿಮ್ಮದೇ ಮೊದಲನೆಯದ್ದು."

"ಯಾರು ನೋಡ್ತಾರೆ ಇದನ್ನು?"

"ಕಾಸರಗೋಡಿನಿಂದ ದೊಡ್ಡವರು ಬರ್ತಾರೆ. ಎಲ್ಲರ ಎದುರಿಗೇ ತೆರೆಯುವುದು. ನಿಮ್ಮ ಹೆಸರು ಅಡಿಯಲ್ಲಿ ಹಾಕ್ತೇನೆ, ಹೆದರಬೇಡಿ."

ಬೋಜಣ್ಣ ಹೆದರಿದ. ಬಕೆಟು ಬಂದ ದಾರಿಯಲ್ಲೇ ಒಳಗೆ ಹೋಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಕಸ ಸುರಿಯುವವರ ಫೋಟೋ ತೆಗೆದು ಕಳುಹಿಸಿದರೆ ಸುರಿದವರಿಗೆ ದಂಡ, ಕಳುಹಿಸಿದವರಿಗೆ ಬಹುಮಾನ ಎಂಬ ಕೇರಳ ಸರಕಾರದ ಸುದ್ದಿಯನ್ನು ಪೇಟೆಯವರೆಲ್ಲ ಓದಿದ್ದರು. ಓದಿ, ಯಾರೂ ಕಳುಹಿಸುವುದಿಲ್ಲ ಎಂಬ ಧೈರ್ಯದಿಂದ ಸುರಿಯುತ್ತಿದ್ದರು. ಇಂಥ ಊರಿನಲ್ಲಿ ಹನ್ನೊಂದು ಕಿಸೆಗಳ ಖಾಕಿ ಹಾಕಿದ ಮನುಷ್ಯ ಚರಂಡಿಯ ಎದುರು ಕುಳಿತು "ಮೇಲೆ ಹಾಕ್ತೇನೆ" ಎಂದರೆ ಅದನ್ನು ಕಲೆ ಎಂದು ತಿಳಿಯಲು ವಿಶೇಷ ಸಂಸ್ಕಾರ ಬೇಕು. ಬೋಜಣ್ಣನಿಗೆ ಅದು ಇರಲಿಲ್ಲ. ಅವನು ಚಾ ಕುಡಿಯುವವರಿಗೆ ಹೇಳಿದ. ಸಂಜೆಯ ಹೊತ್ತಿಗೆ ಪೇಟೆಯಲ್ಲಿ ಸುದ್ದಿ ಹೀಗಿತ್ತು: ಲೋಕಣ್ಣನನ್ನು ತಿರುವನಂತಪುರದಿಂದ ನೇಮಿಸಿದ್ದಾರೆ, ಹನ್ನೆರಡು ಮಂದಿಯ ಕೋಟಾ ಉಂಟು, ಒಂದು ಆಗಿದೆ, ಹನ್ನೊಂದು ಬಾಕಿ.

ಲೋಕಣ್ಣನಿಗೆ ಇದು ಯಾವುದೂ ತಿಳಿಯದು. ಮೂರು ದಿನ ಅವರು ಆನಂದದಿಂದ ತಿರುಗಿದರು. ಮಾರ್ಕೆಟಿನ ಹಿಂದಿನ, ಎಲ್ಲಿಗೂ ಹೋಗದ ಮೆಟ್ಟಿಲು. ಅಶ್ವತ್ಥದ ಗಿಡ ಹುಟ್ಟಿದ ಸಾರ್ವಜನಿಕ ಬಾವಿ. ಕುರಿಗಳು ಮಾತ್ರ ಕಾಯುವ ಬಸ್ ತಂಗುದಾಣ. ಕಸದ ರಾಶಿ ಬಿದ್ದ ಕೆರೆಯ ಬದಿ. ಎಲ್ಲಿ ಹೋದರೂ ಜನ ಎದ್ದು ನಿಂತು ಮರ್ಯಾದೆ ಕೊಡುತ್ತಿದ್ದರು, ಎಳನೀರು ಕೊಡುತ್ತಿದ್ದರು, "ನಮ್ಮ ಕಡೆ ಸ್ವಲ್ಪ ನೋಡ್ಕೊಳ್ಳಿ" ಎನ್ನುತ್ತಿದ್ದರು. "ಊರಲ್ಲಿ ಕಲೆಗೆ ಬೆಲೆ ಇಲ್ಲ ಅಂತಾರೆ, ಸುಳ್ಳು" ಎಂದು ಅವರು ಪಂಕಜಾಕ್ಷಿಗೆ ಹೇಳಿದರು. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದುದರಿಂದ ಉತ್ತರಿಸಲಿಲ್ಲ.

ಸೋಮವಾರ ಬೆಳಗ್ಗೆ ಕ್ಯಾಮರಾವನ್ನು ಯತಿನ್‌ನ ಮೇಜಿನ ಮೇಲಿಟ್ಟು ಲೋಕಣ್ಣ, "ಹನ್ನೆರಡು ದೊಡ್ಡ ಪ್ರಿಂಟು" ಎಂದರು.

ಯತಿನ್ ಬದಿಯ ಮುಚ್ಚಳ ತೆರೆದ. "ಕಾರ್ಡು ಎಲ್ಲಿ ಲೋಕಣ್ಣ?"

"ಆಧಾರ್ ತಂದಿಲ್ಲ ಮಾರಾಯ. ಫೋಟೋ ಪ್ರಿಂಟಿಗೂ ಬೇಕಾ ಈಗ?"

"ಆ ಕಾರ್ಡಲ್ಲ. ಫೋಟೋ ಕೂತುಕೊಳ್ಳುವ ಕಾರ್ಡು. ಇದರಲ್ಲಿ ಇಲ್ಲವೇ ಇಲ್ಲ! ಮದುವೆಯದ್ದು ಕೊಡ್ಲಿಕ್ಕೆ ತೆಗೆದಿರಲ್ಲ, ಮತ್ತೆ ಹಾಕ್ಲಿಲ್ಲವಾ? 'ನೋ ಕಾರ್ಡ್' ಅಂತ ಇಷ್ಟು ದೊಡ್ಡಕ್ಕೆ ಬರ್ತದೆ ನೋಡಿ."

ಲೋಕಣ್ಣ ಸ್ಕ್ರೀನನ್ನು ದಿಟ್ಟಿಸಿದರು. "ಅದು ಕಂಪೆನಿಯ ಹೆಸರು ಅಂತ ತಿಳಿದಿದ್ದೆ" ಎಂದರು.

ಆದರೆ ಧೈರ್ಯಗುಂದುವ ಜಾತಿ ಅವರದ್ದಲ್ಲ. ಗೋಡೆ ಎಲ್ಲಿಗೆ ಹೋಗುತ್ತದೆ? ಚರಂಡಿಗೆ ಕಾಲಿದೆಯೇ? ಮಂಗಳವಾರ ಕಾರ್ಡು ಹಾಕಿಕೊಂಡು, ಹಾಕಿದ್ದನ್ನು ಹೆಂಡತಿಯಿಂದ ಪರೀಕ್ಷೆ ಮಾಡಿಸಿಕೊಂಡು, ಬೋಜಣ್ಣನ ಹಿಂಬದಿಗೆ ಹೋದರು. ಹೋಗಿ, ದಾರಿ ತಪ್ಪಿತೆಂದು ತಿಳಿದು ವಾಪಸು ಬಂದರು. ಪುನಃ ಹೋದರು.

ಚರಂಡಿಯ ಮೇಲೆ ಹೊಸ ಕಾಂಕ್ರೀಟು ಚಪ್ಪಡಿ. ಗೋಡೆಗೆ ಬಿಳಿ ಬಣ್ಣ. ಸಾಲಾಗಿ ಮೂರು ಕ್ರೋಟನ್ ಗಿಡದ ಚಟ್ಟಿ. ಬ್ಲೀಚಿಂಗ್ ಪೌಡರಿನ ವಾಸನೆಗೆ ಕಣ್ಣಲ್ಲಿ ನೀರು ಬಂತು. ದುಃಖದ ನೀರೂ ಅದರಲ್ಲಿ ಸೇರಿತ್ತು.

"ಯಾರು ಮಾಡಿದ್ದು ಇದನ್ನು?" ಎಂದು ಲೋಕಣ್ಣ ಗುಡುಗಿದರು.

ಬೋಜಣ್ಣ ಕೈ ಒರೆಸುತ್ತ ಓಡಿ ಬಂದ. "ನಾನೇ ಲೋಕಣ್ಣ. ಈಗ ಸರಿ ಆಯ್ತಲ್ಲ?"

"ಸರಿಯಾ? ಪೂರ್ತಿ ಹಾಳು ಮಾಡಿದ್ದೀರಿ!"

"ಇನ್ನೂ ಒಂದು ಕೋಟು ಹೊಡೆಸಲಾ?"

"ನನಗೆ ಮೊದಲಿನ ಹಾಗೆ ಬೇಕು!"

"ಮೊದಲಿನ ಹಾಗೆ ಮಾಡಿ ಸಿಕ್ಕಿಬೀಳ್ಲಿಕ್ಕೆ ನಾನೇನು ಹುಚ್ಚನಾ?" ಎಂದ ಬೋಜಣ್ಣ, ಕಣ್ಣು ಸಣ್ಣದು ಮಾಡಿ. ಇದು ತನ್ನನ್ನು ಪರೀಕ್ಷಿಸುವ ಹೊಸ ತಂತ್ರ ಎಂದು ಅವನಿಗೆ ಖಚಿತವಾಯಿತು. ಆ ದಿನವೇ ಗೋಡೆಗೆ ಮೂರನೆಯ ಕೋಟು ಬಿತ್ತು.

ಲೋಕಣ್ಣ ಮೆಟ್ಟಿಲಿನತ್ತ ಓಡಿದರು. ಅದನ್ನು ಗುಡಿಸಿ, ತೊಳೆದು, ಕೈಹಿಡಿಗೆ ಬಣ್ಣ ಬಳಿದಿದ್ದರು. ಅದು ಎಲ್ಲಿಗೂ ಹೋಗದಿದ್ದರೂ ಈಗ ಎಲ್ಲಿಗೋ ಹೋಗುವ ಹಾಗೆ ಕಾಣುತ್ತಿತ್ತು. ತಂಗುದಾಣದಿಂದ ಕುರಿಗಳನ್ನು ಹೊರಡಿಸಲಾಗಿತ್ತು. ಹೊಸ ಮೂಲೆಗಳನ್ನು ಹುಡುಕಿ ಹೋದರೆ ಇನ್ನೂ ಕಷ್ಟ. ಅವರು ನಿಂತರೆ ಸಾಕು, ಎಲ್ಲಿಂದಲೋ ಗುಡಿಸಲು ಹಿಡಿಸೂಡಿ ಹಿಡಿದು ಒಬ್ಬ ಹಾಜರು. ಒಮ್ಮೆ ಚಪ್ಪಲಿಯ ಬಾರು ಸರಿಮಾಡಲು ಬಗ್ಗಿದಾಗ ಎದುರಿನ ಅಂಗಡಿಯವನು ಮೂರು ಗೋಣಿ ಪ್ಲಾಸ್ಟಿಕ್ಕನ್ನು ಹೊತ್ತುಕೊಂಡು ಒಳಗೆ ಓಡಿದ. ಇಡೀ ಪೇಟೆಯ ಪಾಳುತನ ಅವರಿಗಿಂತ ಹತ್ತು ಹೆಜ್ಜೆ ಮುಂದೆ ಓಡುತ್ತಿತ್ತು.

ಗುರುವಾರ ಸಂಜೆ ಜನಾರ್ದನ ಮನೆಗೆ ಬಂದ. ಮುಖ ಬಾಡಿತ್ತು. ಅಕ್ಕ ತಂದಿಟ್ಟ ಚಾವನ್ನು ನೋಡದೆ ನೇರ ಭಾವನ ಎದುರು ಕುಳಿತ.

"ಭಾವ, ಎಲ್ಲ ನನ್ನ ವಾರ್ಡಿನದ್ದೇ ಅಂತೆ. ಹೌದಾ?"

"ಮತ್ತೆ ಬೇರೆಯವರ ವಾರ್ಡಿಗೆ ಯಾಕೆ ಹೋಗಬೇಕು? ನಿನ್ನಲ್ಲೇ ಬೇಕಾದಷ್ಟು ಉಂಟು," ಎಂದರು ಲೋಕಣ್ಣ, ಮೆಚ್ಚುಗೆಯಿಂದ.

"ಎಷ್ಟು ತೆಗೆದಿದ್ದೀರಿ?"

"ಹನ್ನೆರಡು. ಆದರೆ ಎಂತ ಪ್ರಯೋಜನ, ಎಲ್ಲ ಹೋಯ್ತು."

ಜನಾರ್ದನ ಕುರ್ಚಿಯ ಕೈ ಹಿಡಿದ. "ಹೋಯ್ತಾ? ಆಗಲೇ ಹೋಯ್ತಾ?"

"ಸೋಮವಾರವೇ ಗೊತ್ತಾಯ್ತು."

"ಒಂದಾದರೂ ವಾಪಸು ತರಿಸ್ಲಿಕ್ಕೆ ಆಗುದಿಲ್ಲವಾ ಭಾವ?"

"ಹೋದದ್ದು ಹೋಯ್ತು. ಯತಿನ್ ನೋಡಿ ಕೈ ಚೆಲ್ಲಿದ."

"ಯತಿನ್‌ಗೂ ಗೊತ್ತುಂಟಾ!" ಯತಿನ್ ವಿರೋಧಿ ಪಕ್ಷದ ಬ್ಯಾನರು ಮಾಡುವವನು. ಜನಾರ್ದನ ಎದ್ದು ನಿಂತ. "ಮದುವೆಯ ಫೋಟೋದ ಬಗ್ಗೆ ನಾನು ಒಂದು ತಮಾಷೆ ಹೇಳಿದ್ದು ಹೌದು. ಅದಕ್ಕೆ ನೀವು ನನ್ನ ತಲೆಯನ್ನೇ ತೆಗೆಯಬಾರದಿತ್ತು."

ಚಾ ಮುಟ್ಟದೆ ಹೋದ. ಲೋಕಣ್ಣ ಅವನು ಹೋದ ದಾರಿ ನೋಡುತ್ತ, "ನನ್ನ ಫೋಟೋ ಹೋದದ್ದಕ್ಕೆ ಇವನಿಗೆ ಇಷ್ಟು ಬೇಸರವಾಗ್ತದೆ ಅಂತ ನಾನು ನೆನೆಸಿರಲಿಲ್ಲ" ಎಂದರು.

ಪಂಕಜಾಕ್ಷಿ ತಣ್ಣಗಾಗುತ್ತಿದ್ದ ಚಾವನ್ನು ನೋಡುತ್ತಿದ್ದಳು. "ಮೂವತ್ತು ವರ್ಷದಲ್ಲಿ ನನ್ನ ತಮ್ಮ ಈ ಮನೆಯ ಚಾ ಬಿಟ್ಟು ಹೋದದ್ದು ಇದೇ ಮೊದಲು. ನೀವು ಎಂತ ಮಾಡಿದ್ದೀರೋ ನನಗೆ ಗೊತ್ತಿಲ್ಲ. ಭಾನುವಾರದೊಳಗೆ ಅವನು ಇಲ್ಲಿ ಕೂತು ಚಾ ಕುಡಿಯದಿದ್ದರೆ ನಿಮಗೂ ಇಲ್ಲಿ ಚಾ ಇಲ್ಲ." ಅವಳು ಹೇಳಿದರೆ ಹೇಳಿದ್ದೇ.

ಶುಕ್ರವಾರ ಅವರು ಬಾವಿಯ ಹತ್ತಿರ ಹೋದಾಗ ಅಲ್ಲಿ ಅಮ್ಮು ಇದ್ದಳು. ಮನೆಮನೆಯಿಂದ ಪ್ಲಾಸ್ಟಿಕ್ ಸಂಗ್ರಹಿಸುವ ಹರಿತಕರ್ಮ ಸೇನೆಯ ಹಸಿರು ಕೋಟು ಹಾಕಿ, ಸೊಂಟಕ್ಕೆ ಕೈಯಿಟ್ಟು, ಬಾವಿಯೊಳಗೆ ಇಳಿದ ನಾಲ್ಕು ಮಂದಿಗೆ ಹುಕುಂ ಕೊಡುತ್ತಿದ್ದಳು.

"ಲೋಕಣ್ಣ, ನಾಳೆ ನೀವು ಎಲ್ಲಿಗೆ ಹೋಗುದು ಅಂತ ಇವತ್ತೇ ಹೇಳಿ," ಎಂದಳು. "ನಮಗೆ ಗಾಡಿ ತರ್ಲಿಕ್ಕೆ ಉಂಟು."

"ನನಗೂ ಗಾಡಿಗೂ ಎಂತ ಸಂಬಂಧ?"

ಅಮ್ಮು ನಗು ತಡೆಯಲಾರದೆ ಬಾವಿಯ ಕಟ್ಟೆಯ ಮೇಲೆ ಕುಳಿತಳು. "ಅಯ್ಯೋ ದೇವರೇ. ನಿಮಗೆ ನಿಜವಾಗಿಯೂ ಗೊತ್ತಿಲ್ಲವಾ?" ಎಂದು ಎಲ್ಲವನ್ನೂ ಹೇಳಿದಳು: ಕೋಟಾ, ದಂಡ, ತಿರುವನಂತಪುರ, ಖಾಕಿ ಕೋಟು.

ಲೋಕಣ್ಣನ ಮುಖ ಕೆಂಪಾಯಿತು. ಊರಿನವರು ತನ್ನನ್ನು ಚಾಡಿಕೋರನೆಂದು ತಿಳಿದದ್ದಕ್ಕಲ್ಲ. ಒಬ್ಬನಾದರೂ ಕಲಾವಿದನೆಂದು ತಿಳಿಯದಿದ್ದುದಕ್ಕೆ. "ಈಗಲೇ ಹೋಗಿ ಎಲ್ಲರಿಗೂ ಹೇಳ್ತೇನೆ! ಮೊದಲು ಜನಾರ್ದನನಿಗೆ."

"ನಿಲ್ಲಿ," ಎಂದಳು ಅಮ್ಮು. ಈಗ ಅವಳು ನಗುತ್ತಿರಲಿಲ್ಲ. "ಆರು ವರ್ಷ ನಾನು ಈ ಪೇಟೆಯವರಿಗೆ ಬಾಯಿಯಲ್ಲಿ ಹೇಳಿದೆ. ಈ ಬಾವಿಯ ಬಗ್ಗೆ ಮೂರು ಅರ್ಜಿ ಕೊಟ್ಟೆ. ಅಮ್ಮು ಬಂದಳು ಅಂತ ಗೇಟು ಹಾಕ್ತಿದ್ದರು. ನಿಮ್ಮ ಕ್ಯಾಮರಾ ನೋಡಿ ನಾಲ್ಕೇ ದಿನಕ್ಕೆ ಎಲ್ಲರಿಗೂ ಹಿಡಿಸೂಡಿ ಸಿಕ್ಕಿತು. ನಾಳೆ ಕೆರೆಯ ಬದಿಗೆ ಜೆಸಿಬಿ ಬರ್ತದೆ, ಮೆಂಬರೇ ಹೇಳಿ ತರಿಸಿದ್ದು. ಭಾನುವಾರದವರೆಗೆ ನೀವು ಬಾಯಿ ಮುಚ್ಚಿ ಸುಮ್ಮನೆ ತಿರುಗಿ ಲೋಕಣ್ಣ. ಅಷ್ಟು ಉಪಕಾರ ಮಾಡಿ."

ಬಾವಿಯೊಳಗಿಂದ ಒಂದು ಬುಟ್ಟಿ ಕೆಸರು ಮೇಲೆ ಬಂತು. ಅಮ್ಮು ಅದನ್ನು ಒಬ್ಬಳೇ ಎಳೆದು ಬದಿಗಿಟ್ಟಳು. ಲೋಕಣ್ಣ ಲೆನ್ಸಿಗೆ ಮುಚ್ಚಳ ಹಾಕಿದರು.

"ಮತ್ತೆ ನನ್ನ ಹನ್ನೆರಡು ಫೋಟೋ?" ಎಂದರು ಕೊನೆಗೆ, ಸಣ್ಣ ಧ್ವನಿಯಲ್ಲಿ.

"ಈಗ ಇದ್ದದ್ದನ್ನು ತೆಗೀರಿ. ಕ್ಯಾಮರಾಕ್ಕೇನು ಕಣ್ಣಿಲ್ಲವಾ?"

ಶನಿವಾರ ಲೋಕಣ್ಣ ಖಾಕಿ ಕೋಟು ಹಾಕಿ ಕೆರೆಯ ಬದಿಯಲ್ಲಿ ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಸುಮ್ಮನೆ ನಿಂತರು. ಜೆಸಿಬಿಯ ಚಾಲಕ ಅವರ ಮುಖ ನೋಡಿ ಊಟಕ್ಕೂ ಇಳಿಯಲಿಲ್ಲ. ಮಧ್ಯಾಹ್ನದ ನಂತರ ಹನ್ನೆರಡು ಸ್ಥಳಗಳಿಗೂ ಹೋಗಿ ಫೋಟೋ ತೆಗೆದರು. ಸಂಜೆ ಹೆಂಡತಿಯ ಅಂಗಡಿಯ ಕತ್ತರಿಸುವ ಮೇಜಿನ ಮೇಲೆ ಕುಳಿತು, ಪ್ರತಿಯೊಂದರ ಅಡಿಗೂ ಹಾಕಲು ದಪ್ಪ ಅಕ್ಷರದಲ್ಲಿ ಏನೇನೋ ಬರೆದರು. ಪಂಕಜಾಕ್ಷಿ ಓದಲು ಬಂದರೆ ಅಂಗೈ ಅಡ್ಡ ಇಟ್ಟರು.

ಭಾನುವಾರ ಹತ್ತು ಗಂಟೆಗೆ ಗ್ರಂಥಾಲಯದ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಐವತ್ತು ವರ್ಷಗಳಲ್ಲಿ ಅಷ್ಟು ಜನ ಅಲ್ಲಿಗೆ ಬಂದದ್ದೇ ಇಲ್ಲ ಎಂದು ಮುದ್ದಣ್ಣ ಮಾಸ್ಟ್ರು ಗದ್ಗದಿತರಾದರು. ಬಂದವರೆಲ್ಲ ಇಸ್ತ್ರಿ ಮಾಡಿದ ಅಂಗಿಯಲ್ಲಿ, ಫಲಿತಾಂಶಕ್ಕೆ ಕಾಯುವ ಹತ್ತನೆಯ ತರಗತಿಯವರಂತೆ ಕುಳಿತಿದ್ದರು. ಗೋಡೆಯ ಮೇಲೆ ಹನ್ನೆರಡು ಫ್ರೇಮು, ಅದರ ಮೇಲೆ ಉದ್ದಕ್ಕೂ ಒಂದು ಹಳದಿ ಬಟ್ಟೆ. ಅದನ್ನು ಸರಿಸಿ ಉದ್ಘಾಟಿಸಬೇಕಾದವನು ವಾರ್ಡ್ ಮೆಂಬರು ಜನಾರ್ದನ. ಆಮಂತ್ರಣ ಪತ್ರ ಹತ್ತು ದಿನ ಮೊದಲೇ ಅಚ್ಚಾಗಿತ್ತು.

ಜನಾರ್ದನ ಮೈಕಿನ ಎದುರು ಬಂದು ಬೆವರು ಒರೆಸಿಕೊಂಡ. "ಬಂಧುಗಳೇ, ಈಗ ನೀವು ಎಂತ ಕಾಣ್ತೀರೋ ಅದು ಹಳೆಯದು. ಹಳೆಯದನ್ನು ಕ್ಷಮಿಸಬೇಕು. ಯಾವ ಮನೆಯಲ್ಲಿ ಹಿತ್ತಿಲು ಇಲ್ಲ? ಸ್ವಂತ ಭಾವನೇ..." ಕಣ್ಣು ಮುಚ್ಚಿ ಬಟ್ಟೆ ಎಳೆದ.

ಸಭೆ ಕತ್ತು ಚಾಚಿತು. ಒಂದು ಬಿಳಿ ಗೋಡೆ. ಮೂರು ಕ್ರೋಟನ್. ಹೊಳೆಯುವ ಮೆಟ್ಟಿಲು. ಆಕಾಶ ತುಂಬಿಕೊಂಡ ಕೆರೆ. ಜನ ಕುರ್ಚಿ ಬಿಟ್ಟು ಎದ್ದು ಹತ್ತಿರ ಬಂದು ಅಡಿಬರಹ ಓದತೊಡಗಿದರು.

ಮೊದಲನೆಯದರ ಅಡಿಯಲ್ಲಿ ಹೀಗಿತ್ತು: "ಇಲ್ಲಿ ಮೊನ್ನೆಯವರೆಗೆ ಬೋಜಣ್ಣನ ಹೋಟೆಲಿನ ಸುಂದರವಾದ ಕೊಳಚೆ ಇತ್ತು. ನವಿಲಿನ ಬಣ್ಣದ್ದು. ಈಗ ಇಲ್ಲ." ಬಾವಿಯ ಅಡಿಯಲ್ಲಿ: "ಈ ಬಾವಿಯಲ್ಲಿ ದೀರ್ಘಕಾಲ ವಾಸವಾಗಿದ್ದ ಒಂದು ಅಶ್ವತ್ಥದ ಗಿಡ, ಎರಡು ಎಡಗಾಲಿನ ಚಪ್ಪಲಿ ಮತ್ತು ಒಂದು ಚುನಾವಣಾ ಬ್ಯಾನರು ಶುಕ್ರವಾರ ನಮ್ಮನ್ನಗಲಿದವು. ಬ್ಯಾನರಿನಲ್ಲಿದ್ದ ಮೆಂಬರು ಕ್ಷೇಮವಾಗಿದ್ದಾರೆ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಆಮೇಲೆ ಇಡೀ ಸಭಾಂಗಣ ನಕ್ಕಿತು. ಮುದ್ದಣ್ಣ ಮಾಸ್ಟ್ರು ಮಾತ್ರ ಕನ್ನಡಕ ಸರಿಮಾಡಿಕೊಂಡು, "ಲೋಕನಾಥರೇ, ಎಲ್ಲ ಚಂದವೇ ಉಂಟು. 'ನಾವು ನೋಡದ ಪೇಟೆ' ಎಲ್ಲಿ?" ಎಂದರು.

ಲೋಕಣ್ಣ ಮೈಕು ಹಿಡಿದು ಎದೆಯುಬ್ಬಿಸಿದರು. "ತಪ್ಪು ನನ್ನದಲ್ಲ ಮಾಸ್ಟ್ರೇ. ನಾನು ಯಾವ ದೂರನ್ನೂ ಯಾರಿಗೂ ಕಳುಹಿಸಿಲ್ಲ. ನಾನು ಕಲಾವಿದ. ಆದರೆ ಈ ಊರಿನ ಹಾಳು ಮೂಲೆಗಳು ಬಹಳ ನಾಚಿಕೆಯವು. ಒಮ್ಮೆ ನೋಡಿದರೆ ಸಾಕು, ಮರುದಿನ ಇರುವುದಿಲ್ಲ."

"ಹಾಗಾದರೆ ನಾನು ಮೂರು ಕೋಟು ಹೊಡೆಸಿದ್ದು ಎಂತಕ್ಕೆ?" ಎಂದು ಬೋಜಣ್ಣ ಕೂಗಿದ.

"ಚಂದಕ್ಕೆ," ಎಂದಳು ಬಾಗಿಲ ಬಳಿ ನಿಂತಿದ್ದ ಅಮ್ಮು. "ಇನ್ನು ಅದರ ಮೇಲೆ ಬಕೆಟು ಚೆಲ್ಲಿ, ನೋಡುವ. ಬಾವಿಗೆ ಇಳಿದವರಿಗೆ ಇವತ್ತು ನಿಮ್ಮದೇ ಗೋಳಿಬಜೆ." ಬೋಜಣ್ಣ ತನ್ನ ಗೋಡೆಯ ಫೋಟೋವನ್ನು ಇನ್ನೊಮ್ಮೆ ನೋಡಿದ. ನಿಜಕ್ಕೂ ಚಂದ ಕಂಡಿತು. ತೆಪ್ಪಗೆ ಗೋಳಿಬಜೆ ಕಳುಹಿಸಿದ.

ಜನಾರ್ದನ ಹನ್ನೆರಡನ್ನೂ ಎರಡೆರಡು ಸಲ ಓದಿದ. ಆಮೇಲೆ ಮೈಕಿಗೆ ಮರಳಿ, ಒಂದು ವಾರದೊಳಗೆ ಒಂದು ವಾರ್ಡನ್ನು ಹೀಗೆ ಮಾಡಿದ ಮೆಂಬರು ಬೇರೆಲ್ಲಾದರೂ ಇದ್ದರೆ ತೋರಿಸಿ ಎಂದು ಇಪ್ಪತ್ತು ನಿಮಿಷ ಮಾತಾಡಿದ. ಇಳಿದು ಬಂದು ಭಾವನ ಭುಜದ ಮೇಲೆ ಕೈಯಿಟ್ಟು, "ಆ ಬ್ಯಾನರಿನದ್ದು ಮಾತ್ರ ಸ್ವಲ್ಪ ಜಾಸ್ತಿ ಆಯ್ತು ಭಾವ" ಎಂದ. ಮನೆಗೆ ಬಂದು ಎರಡು ಲೋಟ ಚಾ ಕುಡಿದ. ಪಂಕಜಾಕ್ಷಿ ಮೂರನೆಯದಕ್ಕೂ ಹಾಲು ಇಟ್ಟಳು.

ಅವರು ಚಾ ಕುಡಿಯುತ್ತಿರುವಾಗಲೇ ಅಂಗಳಕ್ಕೆ ಒಂದು ಸ್ಕೂಟರ್ ಬಂತು. ಬಂದವಳು ಆಚೆ ಊರಿನ ಒಂದು ಕಿರಿಯ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ಸೌಮ್ಯಶ್ರೀ ಟೀಚರ್. ಬೆಳಗ್ಗಿನ ಪ್ರದರ್ಶನವನ್ನು ಹಿಂದಿನ ಸಾಲಿನಿಂದ ನೋಡಿದ್ದಳು.

"ಸರ್, ನಮ್ಮ ಶಾಲೆಯ ಹಿಂದಿನ ಗೋಡೆ ಬೀಳುವ ಹಾಗೆ ಉಂಟು. ಅದರ ಬುಡದಲ್ಲೇ ಮಕ್ಕಳು ಊಟದ ಬಟ್ಟಲು ತೊಳೆಯುವುದು. ಎಷ್ಟು ಬರೆದರೂ ಯಾರೂ ಬಂದು ನೋಡಲಿಲ್ಲ. ನೀವು ಒಂದು ಅರ್ಧ ಗಂಟೆ ಅಲ್ಲಿ ಬಂದು ಕೂತರೆ ಸಾಕು."

ಲೋಕಣ್ಣ ನೆಟ್ಟಗೆ ಕುಳಿತರು. "ಟೀಚರ್, ನಾನು ಎಲ್ಲಿಯೂ ಸುಮ್ಮನೆ ಬಂದು ಕೂರುವವನಲ್ಲ. ಬಂದರೆ ಫೋಟೋ ತೆಗೀಲಿಕ್ಕೆ ಬರುವುದು."

"ತೆಗೀರಿ ಸರ್, ನಮ್ಮದೇನೂ ಅಡ್ಡಿ ಇಲ್ಲ," ಎಂದಳು ಟೀಚರ್, ಮರ್ಯಾದೆಗೆ.

ಲೋಕಣ್ಣ ಕಲೆಯ ಸ್ವಾತಂತ್ರ್ಯದ ಬಗ್ಗೆ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಒಳಗಿನಿಂದ ಪಂಕಜಾಕ್ಷಿ ಲೋಟ ತೊಳೆಯುತ್ತಲೇ ಉತ್ತರ ಕೊಟ್ಟಳು.

"ಬರ್ತಾರೆ ಟೀಚರ್. ಬುಧವಾರ ಬೆಳಗ್ಗೆ ಕಳಿಸ್ತೇನೆ. ಮಂಗಳವಾರ ಆಗುದಿಲ್ಲ, ಗ್ಯಾಸ್ ಬರ್ಲಿಕ್ಕೆ ಉಂಟು, ಇವರು ಮನೆಯಲ್ಲಿ ಬೇಕು."